ಕೇಳದೆ ಹೊಗಳಿದ್ದು

ಅಣ್ಣಾ,

ಹಾಲು ಫ್ರಿಜ್ಜಿನಲ್ಲಿದೆ. ಮೈಕಿನ ವೈರನ್ನು ಬೆಕ್ಕು ಕಚ್ಚಿತ್ತು, ಟೇಪು ಸುತ್ತಿದ್ದೇನೆ.

ಈ ವಾರ ನಿನ್ನ ಪಾಡ್‌ಕಾಸ್ಟಿಗೆ ನಾನೇನೂ ಬರೆದಿಟ್ಟಿಲ್ಲ. ಪಾಡ್‌ಕಾಸ್ಟ್ ಲೋಕದಲ್ಲಿ ಯಾವ ಕಂಪನಿ ಯಾವುದನ್ನು ನುಂಗಿತು ಎಂಬ ಸುದ್ದಿಯನ್ನು ನೀನೇ ಹುಡುಕಿಕೋ. ಬೇರೆಯವರ ಹೊಸ ಪಾಡ್‌ಕಾಸ್ಟುಗಳನ್ನು ಶಿಫಾರಸು ಮಾಡುವ ಮೊದಲು ನೀನೇ ಕೇಳು. ಇಷ್ಟು ದಿನ ಕಿವಿ ನನ್ನದು, ಬಾಯಿ ನಿನ್ನದು. ಹೆಸರು ಮಾತ್ರ ಪೂರ್ತಿ ನಿನಗೆ.

ಕಳೆದ ವಾರ ‘ಕೇಳಿಸಿಕೊಳ್ಳದವನು’ ಎಂಬ ಹೊಸ ಕಾರ್ಯಕ್ರಮವನ್ನು ಹೊಗಳಿದೆಯಲ್ಲ, ಅದು ನನ್ನದು. ನಾನು ಬರೆದುಕೊಟ್ಟ ಹೊಗಳಿಕೆಯನ್ನು ನೀನು ಎಂದಿನಂತೆ ಕಾರ್ಯಕ್ರಮ ಕೇಳದೆಯೇ ಓದಿದೆ. ಸಾಲದ್ದಕ್ಕೆ, “ಇಂಥ ಗಂಡಸನ್ನ ಸಹಿಸ್ಕೊಂಡಿರೋ ಮನೆಯವರಿಗೆ ದೊಡ್ಡ ನಮಸ್ಕಾರ” ಎಂದು ನಿನ್ನದೊಂದು ಮಾತನ್ನೂ ಸೇರಿಸಿದೆ. ಆ ಗಂಡಸು ನೀನೇ. ನಿನ್ನ ಮಾತು ನಂಬಿ ಕೇಳಿದ ಅಮ್ಮ ಪಾತ್ರೆ ತೊಳೆಯುವುದನ್ನು ಬಿಟ್ಟು, “ಅಯ್ಯೋ, ಇವ್ನು ನಮ್ಮೋನೇ ಅಲ್ವೇನೇ!” ಎಂದು ಬಿದ್ದು ಬಿದ್ದು ನಕ್ಕಳು.

ಅತ್ತಿಗೆ ಒಂದು ಮಾತೂ ಹೇಳದೆ ಬಿಟ್ಟುಹೋದಳು ಎಂದು ಕಂಡವರ ಮುಂದೆಲ್ಲ ಗೋಳಾಡುತ್ತೀಯ. ನನ್ನ ಕಾರ್ಯಕ್ರಮದ ಎರಡನೆಯ ಕಂತು ಹಾಕಿಕೊಂಡು ಕೂತುಕೋ. ಯಾಕೆ ಹೋದೆ ಎಂದು ಮೊದಲಿಂದ ಕೊನೆಯವರೆಗೆ ಅವಳೇ ಹೇಳಿದ್ದಾಳೆ. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಗೊತ್ತಾ, ನಡುವೆ ಬಾಯಿ ಹಾಕಲು ನೀನಿಲ್ಲದಿದ್ದರೆ.