ಏಳನೇ ನಂಬರಿನ ಕಾಂಟ್ರಾಕ್ಟು

ನವೆಂಬರ್ 3, ಸೋಮವಾರ

ಕಾರ್ತಿಕ ಸೋಮವಾರ. ಲಿಂಗಪೂಜೆ ಮುಗಿಸಿ ಮಗಳ ಮೊಬೈಲಿನ ಮುಂದೆ ಕೂತೆ. ಮೇಘನ ಮತ್ತವಳ ಕಾಲೇಜಿನವರು ಸೇರಿ ಆಡುವ ಫುಟ್‌ಬಾಲ್ ಗೇಮು. ಒದೆಯುವುದೇನಿಲ್ಲ, ಟೀಮು ನಡೆಸುವುದು. ಯಾರಿಗೆ ಪೆಟ್ಟಾಯಿತು, ಯಾರ ಕಾಂಟ್ರಾಕ್ಟು ಮುಗಿಯಿತು... ನಾಳೆ ಅವಳ ಮಂಡಿ ಆಪರೇಷನ್. ಕಾಲೇಜು ಮ್ಯಾಚಿನಲ್ಲಿ ಬಿದ್ದದ್ದು. ಅವಳು ಒಳಗಿರುವಾಗ ಟೀಮು ನೋಡಿಕೊಳ್ಳಬೇಕಲ್ಲ, ಅದಕ್ಕೇ ನನಗೆ ಪಾಠ.

"ಕೆಂಪು ಪ್ಲಸ್ ಇದ್ರೆ ಗಾಯ ಅಂತ, ಅವ್ರನ್ನ ಆಡಿಸ್ಬೇಡ. ನಾಳೆ ನಾಲ್ಕರೊಳಗೆ ಹೊಸ ಗೋಲ್‌ಕೀಪರ್‌ಗೆ ಸೈನ್ ಒತ್ತು. ಟೀಮಲ್ಲಿ ಜಾಗ ಇಲ್ಲ, ಮೊದ್ಲು ಏಳನೇ ನಂಬರ್ ತೆಗ್ದುಹಾಕು."

"ಅದ್ಯಾರೇ ಏಳನೇದು?"

"ಯಾರೋ ಒಂದು. ಒಂಬತ್ತು ತಿಂಗಳು ಗಾಯ. ಇಟ್ಕೊಂಡ್ರೆ ದಂಡ."

ನವೆಂಬರ್ 4, ಮಂಗಳವಾರ, ಮಧ್ಯಾಹ್ನ 2-50

ಶಿವಮೊಗ್ಗ, ಆಸ್ಪತ್ರೆ. ಈಗಷ್ಟೇ ಅವಳನ್ನು ಒಳಗೆ ಕರೆದುಕೊಂಡು ಹೋದರು. ಏಳನೇ ನಂಬರು ಒತ್ತಿ ನೋಡಿದೆ. ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿದೆ. ಮೇಘನ ಎಸ್. ತನ್ನನ್ನೇ ಆಟಗಾರ್ತಿ ಮಾಡಿ ಇಟ್ಟುಕೊಂಡಿದ್ದಾಳೆ. ಗಾಯ, ಬಲ ಮಂಡಿ. ಅದೂ ತಾನೇ ಹಾಕಿದ್ದಿರಬೇಕು. ಕೆಳಗೆ ಕೆಂಪು ಗುಂಡಿ— ರಿಲೀಸ್, ಅಂದರೆ ತೆಗೆದುಹಾಕು.

3-40

ವಿಘ್ನೇಶನ ಫೋನು. ಅವಳ ಕ್ಲಾಸಿನವನು, ಗೇಮಿನಲ್ಲಿ ಎದುರು ಟೀಮಿನವನು.

"ಆಂಟಿ, ನೀವು ಒತ್ತದಿದ್ರೆ ನಾಲ್ಕಕ್ಕೆ ಕೀಪರ್‌ನ ನಾನು ಎತ್ತಾಕ್ಕೊಂಡ್ ಹೋಗ್ತೀನಿ. ಆಮೇಲೆ ಬೈಬಾರ್ದು."

"ರಾಹುಕಾಲ ಮಾರಾಯ. ನಾಲ್ಕೂವರೆ ತನಕ ಯಾವ ಸೈನೂ ಇಲ್ಲ."

"ಮೊಬೈಲಿಗೂ ರಾಹು ಬರ್ತಾನಾ ಆಂಟಿ?" ನಕ್ಕ. ನನಗೆ ನಗು ಬರಲಿಲ್ಲ. ಆಪರೇಷನ್ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಉರಿಯುತ್ತಿದೆ.

4-35

ಕೀಪರ್ ಹೋದ. ಮೇಘನ ಇನ್ನೂ ಹೊರಗೆ ಬಂದಿಲ್ಲ.

ನವೆಂಬರ್ 5

ಸರಿಯಾಗಿ ಎಚ್ಚರ ಆದ ಮೇಲೆ ಮೊದಲ ಮಾತು, "ಸೈನ್ ಆಯ್ತಾ?"

ರಾಹುಕಾಲ ಇತ್ತು ಕಣೇ ಅಂದೆ.

"ಅಯ್ಯೋ, ನಿನ್ನ ರಾಹುಕಾಲಕ್ಕಿಷ್ಟು!" ಗೋಡೆ ಕಡೆ ಮುಖ ತಿರುಗಿಸಿದಳು.

ಈ ಡೈರಿಯಲ್ಲಾದರೂ ಸುಳ್ಳು ಬರೆಯಬಾರದು. ಆ ಕೆಂಪು ಗುಂಡಿ ಕಂಡಾಗ ರಾಹುಕಾಲ ಶುರುವಾಗಲು ಇನ್ನೂ ಹತ್ತು ನಿಮಿಷ ಇತ್ತು. ಆಗಲೂ ಒತ್ತಲಿಲ್ಲ. ಅವಳು ಒಳಗೆ ಟೇಬಲ್ ಮೇಲೆ. ನಾನು ಹೊರಗೆ ಕೂತು ಅವಳ ಹೆಸರು ತೆಗೆದುಹಾಕುವುದಾ? ಶಿವಶಿವಾ.

ನವೆಂಬರ್ 10, ಸೋಮವಾರ

ಎನ್.ಆರ್.ಪುರ, ಮನೆ. ಬಂದು ಮೂರು ದಿನ. ದಿನಕ್ಕೆ ಮೂರು ಸಲ ಮಂಡಿ ಮಡಚಬೇಕು ಅಂದಿದ್ದಾರೆ, ಇಲ್ಲದಿದ್ದರೆ ಬಿಗಿದುಕೊಂಡುಬಿಡುತ್ತದಂತೆ. ಒಂದು ಸಲವೂ ಮಡಚಿಲ್ಲ. "ಯಾಕೆ ಮಡಚ್ಬೇಕು? ಇನ್ನೆಲ್ಲಿ ಆಡೋದಿದೆ?"

ಗೇಮಿನಲ್ಲಿ ವಿಘ್ನೇಶನ ಎದುರು ಐದು ಗೋಲಿನಿಂದ ಸೋತಳು. "ಏಳನೇದರ ಕಾಂಟ್ರಾಕ್ಟು ಗುರುವಾರ ಮೂರೂಕಾಲಿಗೆ ತಾನಾಗೇ ಮುಗಿಯತ್ತೆ. ನಿಂಗೆ ಒತ್ತೋ ಕಷ್ಟನೂ ಇಲ್ಲ ಬಿಡು."

ನವೆಂಬರ್ 13, ಗುರುವಾರ, ಮಧ್ಯಾಹ್ನ 2-40

ಮೊಬೈಲು ಎದೆ ಮೇಲೆ ಮಗುಚಿಟ್ಟುಕೊಂಡು ಮಲಗಿದ್ದಾಳೆ. ನಿದ್ದೆ ಇಲ್ಲ. ಹೇಳಿಬಿಟ್ಟೆ— ರಾಹುಕಾಲ ಬರೀ ನೆಪ, ನಿನ್ನ ಹೆಸರು ತೆಗೆಯಲು ಕೈ ಬರಲಿಲ್ಲ ಅಂತ.

2-54

"ಅಮ್ಮ, ಆ ಟವಲ್ ಕೊಡು."

ಕೊಟ್ಟೆ. ಪಾದಕ್ಕೆ ಸುತ್ತಿ ಎಳೆದಳು. ಮಂಡಿ ಮಡಚಿತು... ಒಂದಿಷ್ಟೇ. ಹಣೆ ತುಂಬ ಬೆವರು. ಒರೆಸಲು ಹೋದರೆ ಕೈ ತಳ್ಳಿದಳು. ಆಮೇಲೆ ಮೊಬೈಲು ತೆಗೆದಳು.

"ಏಳನೇದಕ್ಕೆ ಇನ್ನೊಂದು ವರ್ಷದ ಕಾಂಟ್ರಾಕ್ಟು ಹಾಕಿದೀನಿ. ಸೈನ್ ಒಂದು ಬಾಕಿ."

"ಒತ್ತೇ ಮತ್ತೆ!"

"ಗಡಿಯಾರ ನೋಡಮ್ಮ. ಗುರುವಾರ ಮೂರರ ತನಕ ಅಲ್ವಾ ನಿನ್ನ ರಾಹುಕಾಲ?"

ಹೌದು. ಇನ್ನೂ ನಾಲ್ಕು ನಿಮಿಷ. ಅವಳ ಬೆರಳು ಗುಂಡಿಯ ಮೇಲೇ ನಿಂತಿದೆ. ನಾನು ಗಡಿಯಾರ ನೋಡಿಕೊಂಡೇ ಬರೆಯುತ್ತಿದ್ದೇನೆ. ಎರಡು... ಒಂದು—