ಎಡಬದಿಯ ಪೆಟ್ಟಿಗೆ

ಹಗರಿಬೊಮ್ಮನಹಳ್ಳಿ, ಸ್ಟೇಷನ್ ರಸ್ತೆ
14-11-2024, ಮುಂಜಾನೆ

ಮಗನೇ ಮುಬಶ್ಶಿರ, ನಿನ್ನ ಅಬ್ಬಾನ ಸಲಾಂ, ದುವಾ.

ಹರಪನಹಳ್ಳಿಯಲ್ಲಿ ನೀನೂ ಸೊಸೆ ಮೆಹರೀನಳೂ ಆರಾಮಾಗಿದ್ದೀರಿ ಎಂದು ನಿನ್ನ ಅಮ್ಮಿ ಹೇಳಿದಳು. ಬೆನ್ನುನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಬರೀ ಚಹಾದ ಮೇಲೆ ಗಾಡಿ ಓಡಿಸುತ್ತೀಯೋ? ನಾನೂ ಆರಾಮ ಎಂದು ಬರೆಯಬೇಕು, ಆದರೆ ಸುಳ್ಳಾಗುತ್ತದೆ. ನಾಲ್ಕು ತಿಂಗಳಿಂದ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಮಾಡಿಕೋ. ನಮ್ಮ ಗ್ಯಾರೇಜು ಬಿಟ್ಟು ಪಿಕಪ್ ಬಾಡಿಗೆಗೆ ಓಡಿಸುತ್ತೇನೆ ಎಂದು ನೀನು ಹೇಳಿದ ದಿನ "ಇನ್ನ ನನ್ನ ಅಂಗಡಿ ಮುಂದ ಸುಳೀಬ್ಯಾಡ" ಎಂದವನು ನಾನೇ. ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಹೋದ ಶುಕ್ರವಾರ ವೆಲ್ಡಿಂಗ್ ಅಂಗಡಿಯ ಹುಲುಗಪ್ಪ ಚಹಾ ಕುಡಿಯುತ್ತಾ ಒಂದು ಸುದ್ದಿ ಹೇಳಿದ. ಕಾನಹೊಸಹಳ್ಳಿ ಹತ್ತಿರ ಹೈವೇ ಪಕ್ಕ ಟೊಮೆಟೊ ತುಂಬಿದ ಪಿಕಪ್ ಪಂಕ್ಚರ್ ಆಗಿ ನಿಂತಿತ್ತಂತೆ, ಜಾಕ್ ಜಾರಿ ಗಾಡಿ ಡ್ರೈವರನ ಮೇಲೇ ಕೂತಿತಂತೆ. "ಬಿಳೇ ಗಾಡಿರಿ, ಹರೇದ ಹುಡುಗ" ಅಂದ. ಕೈಯಲ್ಲಿದ್ದ ಲೋಟ ಎಲ್ಲಿಟ್ಟೆನೋ ಗೊತ್ತಿಲ್ಲ, ಶಟರ್ ಕೂಡ ಎಳೆಯದೆ ಬಸ್ಸು ಹತ್ತಿದೆ. ಕೂಡ್ಲಿಗಿ ದಾಟುವವರೆಗೂ ದುವಾ ಓದಲು ನೋಡಿದೆ, ಅರ್ಧಕ್ಕೇ ಮರೆತುಹೋಗುತ್ತಿತ್ತು. ಹೋಗಿ ನೋಡಿದರೆ ಗಾಡಿಯ ನಂಬರು ನಿನ್ನದಲ್ಲ. ಅಲ್ಲೇ ರಸ್ತೆ ಬದಿ ಕುಕ್ಕರಿಸಿ ಅತ್ತೆ. ಯಾರದೋ ಮಗ ಸತ್ತಿದ್ದಾನೆ, ನಾನು ಮಾತ್ರ ಅಲ್ಲಾಹನಿಗೆ ಶುಕ್ರ್ ಹೇಳುತ್ತಿದ್ದೇನೆ. ಎಂಥ ಮನುಷ್ಯನೋ ನಾನು. ಆವತ್ತಿನಿಂದ ಹೆದರಿಕೆ ಹೋಗಿಲ್ಲ ಮಗನೇ. ಬಿಳಿ ಪಿಕಪ್ ಕಂಡರೆ ಓಡಿಹೋಗಿ ನಂಬರು ನೋಡುತ್ತೇನೆ.

ನಿನ್ನ ಗಾಡಿಗೆ ಟೂಲ್ ಪೆಟ್ಟಿಗೆಯೇ ಇಲ್ಲ, ಪಾನಾ, ಸ್ಪ್ಯಾನರುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಸೀಟಿನ ಹಿಂದೆ ತುರುಕಿದ್ದೀಯ ಎಂದು ಮೆಹರೀನ ನಿನ್ನ ಅಮ್ಮಿಗೆ ಹೇಳಿದ್ದಳಂತೆ. ಮೆಕ್ಯಾನಿಕ್ ಅಹಮದಸಾಬನ ಮಗನಿಗೆ ಗೋಣಿಚೀಲ! ನಾಚಿಕೆ ಆಗಬೇಕು ನಿನಗೆ. ಅಂಗಡಿಗಳಲ್ಲಿ ಸಿಗುವುದನ್ನೆಲ್ಲ ನೋಡಿ ಬಂದೆ. ಪ್ಲಾಸ್ಟಿಕ್ಕಿನದು ನಮ್ಮ ಬಿಸಿಲಿಗೆ ಎರಡು ಬೇಸಿಗೆ ಬಾಳುವುದಿಲ್ಲ. ಅಲ್ಯುಮಿನಿಯಮ್ಮಿನದು ಬಾಡಿಯ ಮೇಲೆ ಅಡ್ಡ ಕೂತು ಮಾಲಿನ ಜಾಗ ತಿನ್ನುತ್ತದೆ, ಮಿರಮಿರ ಮಿಂಚಿ ಕಳ್ಳರನ್ನೂ ಕರೆಯುತ್ತದೆ. ಕೊನೆಗೆ ಹುಲುಗಪ್ಪನ ಮುಂದೆ ಕೂತು ದಪ್ಪ ತಗಡಿನದು ಮಾಡಿಸಿದೆ. ಇದನ್ನು ಬಾಡಿಯ ಕೆಳಗೆ, ಹಿಂದಿನ ಗಾಲಿಯ ಮುಂದೆ, ಎಡಬದಿಗೇ ಕೂರಿಸು. "ಬಲಕ್ಕ ಇಟ್ರ ಡ್ರೈವರಿಗೆ ಸಮೀಪ ಆಗ್ತೈತಲ್ರಿ ಸಾಬರ" ಎಂದು ಅವನು ವಾದಕ್ಕೆ ಬಂದ. ಸಮೀಪ ಆಗುತ್ತದೆ, ಹಿಂದಿನಿಂದ ಬರುವ ಲಾರಿಗೂ ಸಮೀಪ ಆಗುತ್ತದೆ. ಬಲಬದಿಯಲ್ಲಿ ಬಗ್ಗಿ ಪಾನಾ ಹುಡುಕುವವನ ಬೆನ್ನು ರಸ್ತೆಗೇ ಇರುತ್ತದೆ. ಅವನಿಗೆ ಅದು ತಿಳಿಯಲು ಅರ್ಧ ತಾಸು ಬೇಕಾಯಿತು.

ಒಳಗೆ ಹಳೇ ಟ್ಯೂಬು ಕತ್ತರಿಸಿ ಹಾಸಿದ್ದೇನೆ, ಗಡಗಡ ಸದ್ದಾಗುವುದಿಲ್ಲ. ಗಾಲಿಪಾನಾ ಎಲ್ಲಕ್ಕಿಂತ ಮೇಲಿದೆ, ಅದಕ್ಕೆ ಸಿಕ್ಕಿಸಿ ತಿರುವಲು ಪೈಪೂ ಇದೆ. ಫ್ಯಾನ್ ಬೆಲ್ಟು, ಫ್ಯೂಜುಗಳು, ಕತ್ತಲಿಗೆ ಕೈಬ್ಯಾಟರಿ, ಗಾಡಿಯ ಹಿಂದೆ ರಸ್ತೆಯಲ್ಲಿಡುವ ಕೆಂಪು ತ್ರಿಕೋನ ಎಲ್ಲ ಹಾಕಿದ್ದೇನೆ. ಪಾನಾಗಳು ನನ್ನವೇ. ಮೂವತ್ತು ವರ್ಷ ಯಾರಿಗೂ ಮುಟ್ಟಿಸದವು, ನಿನಗೆ ಗೊತ್ತಲ್ಲ. ಅಡಿಯಲ್ಲಿರುವ ಹಲಗೆ ಬಿಸಾಡಬೇಡ. ಎರೆನೆಲ ಜಾಕನ್ನು ನುಂಗುತ್ತದೆ, ಹಲಗೆಯ ಮೇಲಿಟ್ಟು ಎತ್ತು. ಗಾಲಿಗೆ ಒಡ್ಡಲು ಕಲ್ಲು ಹುಡುಕುತ್ತ ಹೋಗಬೇಡ, ಹುಣಸೆ ಕಟ್ಟಿಗೆಯ ಎರಡು ತುಂಡು ಇಟ್ಟಿದ್ದೇನೆ. ಗಾಲಿ ಬಿಚ್ಚಿದ ಕೂಡಲೇ ಅದನ್ನು ಚಾಸಿಯ ಕೆಳಗೆ ನೂಕು, ಗಾಡಿ ಬಿದ್ದರೂ ಗಾಲಿಯ ಮೇಲೆ ಬೀಳಲಿ. ಸಣ್ಣವನಿದ್ದಾಗ ಇದನ್ನೆಲ್ಲ ನಿನಗೆ ನಾನೇ ಕಲಿಸಿದ್ದು, ಗೊತ್ತಿದ್ದದ್ದನ್ನೇ ಹೇಳುತ್ತಾನೆ ಎಂದು ನಗಬೇಡ. ಹೊಸ ಜಾಕೂ ಒಂದಿದೆ. ನಿನ್ನ ಹತ್ತಿರ ಇದ್ದರೂ ಇದನ್ನೇ ಬಳಸು.

ಪೆಟ್ಟಿಗೆಯನ್ನು ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಗಂಗಾಧರನ ಕೈಯಲ್ಲಿ ಕಳಿಸುತ್ತಿದ್ದೇನೆ, ಕಾಗದ ಮೇಲೆಯೇ ಇದೆ. ಮೆಹರೀನಳಿಗೆ ನಮ್ಮಿಬ್ಬರ ದುವಾ ತಿಳಿಸು. ಅಲ್ಲಾಹ ನಿಮ್ಮನ್ನು ತಂಪಾಗಿಟ್ಟಿರಲಿ. ನನ್ನ ಜೊತೆ ಮಾತು ಬಿಟ್ಟರೂ ಪರವಾಗಿಲ್ಲ, ಪೆಟ್ಟಿಗೆಯನ್ನು ವಾಪಸು ಕಳಿಸಬೇಡ.

ನಿನ್ನ ಅಬ್ಬಾ,
ಅಹಮದಸಾಬ

ತಾ.ಕ.: ನಿನ್ನ ಹತ್ತಿರ ಇರುವ ಜಾಕನ್ನು ಎಸೆದುಬಿಡು. ಮನೆ ಬಿಟ್ಟ ದಿನ ನೀನು ಅದನ್ನು ಅಂಗಡಿಯ ಮೂಲೆಯಿಂದ ಎತ್ತಿಕೊಂಡು ಹೋಗುವುದನ್ನು ನಾನು ನೋಡುತ್ತಿದ್ದೆ. ಅದರ ಸೀಲು ಹೋಗಿತ್ತು. ಗಾಡಿ ಎತ್ತುತ್ತದೆ, ಐದು ನಿಮಿಷ ನಿಲ್ಲುತ್ತದೆ, ಆಮೇಲೆ ಸದ್ದಿಲ್ಲದೆ ಇಳಿಯುತ್ತದೆ. ನನಗೆ ಗೊತ್ತಿತ್ತು ಮಗನೇ. ಎರಡು ದಿನಕ್ಕೆ ತಾನೇ ವಾಪಸು ತರುತ್ತಾನೆ, ಆಗ ಬೈದರಾಯಿತು ಎಂದು ಸಿಟ್ಟಿನಲ್ಲಿ ಸುಮ್ಮನಿದ್ದೆ. ನೀನು ತರಲಿಲ್ಲ. ಆಮೇಲೆ ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಕಾಗದ ಮುಗಿಸಿ ಈಗಷ್ಟೇ ನಿನ್ನ ಅಮ್ಮಿಗೆ ಹೇಳಿದೆ. "ನಾಕು ತಿಂಗಳಾತಲ್ರಿ" ಅಂದಳು, ಅಷ್ಟೇ. ನನ್ನ ಮುಖ ನೋಡದೆ ನಿನಗೆ ಫೋನ್ ಹಚ್ಚಿದಳು. ಅವಳ ಫೋನನ್ನು ನೀನು ಎರಡನೇ ರಿಂಗಿಗೇ ಎತ್ತುತ್ತಿದ್ದೆ. ಈಗ ಮೂರನೇ ಸಲ ಹಚ್ಚಿದ್ದಾಳೆ. ರಿಂಗಾಗುತ್ತಿದೆ, ನೀನು ಎತ್ತುತ್ತಿಲ್ಲ.