ಕಲ್ಲಿನ ಆಚೆ ಮುಖ

ಮೇಲಿನ ಮನೆ, ಅಡುಗೆಮನೆಯ ಮೇಜು
ಅಕ್ಟೋಬರ್ ೧೧, ಸೋಮವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ನಿನ್ನ ಎಡಗಾಲಿನ ಹಿಮ್ಮಡಿ ಈಗಲೂ ಚಳಿಗೆ ಹಿಡಿದುಕೊಳ್ಳುತ್ತದೆಯೇ? ಬಿಸಿನೀರಿನಲ್ಲಿ ಇಟ್ಟುಕೋ ಎಂದರೆ ನೀನು ಇಡುವವನಲ್ಲ. ಈ ಸಾಲನ್ನು ನಿನ್ನ ಹೆಂಡತಿಗೆ ಓದಿ ಹೇಳು. ಮಗಳು ಇಷ್ಟು ಹೊತ್ತಿಗೆ ನಡೆಯುತ್ತಿರಬೇಕು. ನಿನ್ನ ಮಗಳಾದ್ದರಿಂದ ನಡೆಯುವುದನ್ನು ಬಿಟ್ಟು ನೇರ ಓಡಿದ್ದರೂ ನನಗೆ ಆಶ್ಚರ್ಯವಿಲ್ಲ. ಬೆಟ್ಟದ ಈ ಕಡೆ ಅತ್ತೆಯೊಬ್ಬಳು ಇದ್ದಾಳೆ ಎಂದು ಅವಳಿಗೆ ಹೇಳಿದ್ದೀಯೋ ಇಲ್ಲವೋ. ಹೇಳದಿದ್ದರೂ ಬೇಸರವಿಲ್ಲ. ಆ ವಯಸ್ಸಿನಲ್ಲಿ ಕಣ್ಣೆದುರು ಇರುವವರೇ ನೆಂಟರು.

ನಾವು ಚೆನ್ನಾಗಿದ್ದೇವೆ. ನಿನ್ನ ಭಾವ ಸ್ವಲ್ಪ ದಪ್ಪಗಾಗಿದ್ದಾರೆ, ವ್ಯಾನಿನ ಬಾಗಿಲು ತೆಗೆದು ಒಳಗೆ ಕೂರುವ ಮೊದಲು ಒಂದು ಉಸಿರು ತೆಗೆದುಕೊಳ್ಳುತ್ತಾರೆ. ಈ ವರ್ಷದ ಓಟಗಾರರು ಒಬ್ಬೊಬ್ಬರಾಗಿ ಇಳಿದು ಹೋಗುತ್ತಿದ್ದಾರೆ. ಇಲ್ಲಿಯ ತೆಳು ಗಾಳಿಯಲ್ಲಿ ಓಡಿ ಎದೆ ಗಟ್ಟಿಮಾಡಿಕೊಳ್ಳಲು ಬಂದವರು ಬಂದ ದಿನ ನಮ್ಮ ಮೆಟ್ಟಿಲು ಹತ್ತುವಷ್ಟರಲ್ಲೇ ಗೋಡೆ ಹಿಡಿದು ನಿಲ್ಲುವುದು, ಹೋಗುವ ದಿನ ಅದೇ ಮೆಟ್ಟಿಲನ್ನು ಹಾರಿಕೊಂಡು ಇಳಿಯುವುದು, ಇವೆಲ್ಲ ನೀನು ಬಿಟ್ಟುಹೋದ ಹಾಗೇ ಇವೆ. ಒಲೆಯ ಕಡೆ ಮುಖ ಮಾಡಿ ನಿಂತೇ, ಉಸಿರಿನ ಸದ್ದಿನಿಂದ ಯಾರು ಬಂದರೆಂದು ಹೇಳಬಲ್ಲೆ. ಹಿತ್ತಲ ಬಾಗಿಲಿನಿಂದ ಹೊರಟವರು ಹಿತ್ತಲ ಬಾಗಿಲಿಗೇ ಬರುತ್ತಾರೆ. ಕೆರೆ ಸುತ್ತು, ಕುರಿಹಾದಿ ಸುತ್ತು, ಕಲ್ಲುರಾಶಿ ಸುತ್ತು. ಊಟದ ಕೋಣೆಯ ಗೋಡೆಗೆ ನಿನ್ನ ಭಾವ ದೊಡ್ಡದೊಂದು ನಕ್ಷೆ ಬರೆಸಿದ್ದಾರೆ. ಅದರಲ್ಲಿ ಎಲ್ಲ ದಾರಿಗಳೂ ಹೂವಿನ ಎಸಳಿನಂತೆ ಈ ಮನೆಯಿಂದ ಹೊರಟು ಈ ಮನೆಗೇ ಮಡಚಿಕೊಳ್ಳುತ್ತವೆ. ಹೊಸಬರಿಗೆಲ್ಲ ಅದನ್ನು ತೋರಿಸಿ ಹೇಳುವ ಮಾತು ನಿನಗೆ ಬಾಯಿಪಾಠ: "ಎಷ್ಟು ಬೇಕಾದ್ರೂ ಓಡಿ ಸಾರ್, ಊಟದ ಹೊತ್ತಿಗೆ ನಮ್ಮ ದಾರಿನೇ ನಿಮ್ಮನ್ನ ಎಳ್ಕೊಂಡು ಬರುತ್ತೆ." ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ನಗಬೇಕಾದ ಜಾಗ ಗೊತ್ತಿರುವುದರಿಂದ ಕೈಯ ಕೆಲಸ ನಿಲ್ಲಿಸಬೇಕಾಗುವುದಿಲ್ಲ.

ನಿನ್ನ ಭಾವ ಕೆಟ್ಟವರಲ್ಲ. ನಿನಗೆ ಬರೆಯಲು ಕುಳಿತಾಗಲೆಲ್ಲ ಮೊದಲು ಬರುವುದು ಈ ವಾಕ್ಯ, ಆಮೇಲೆ ಕಾಗದ ಮುಂದಕ್ಕೆ ಹೋಗುವುದಿಲ್ಲ. ಇಂದು ಅದನ್ನು ಬರೆದು ದಾಟಿಬಿಡುತ್ತೇನೆ. ಈ ಮನೆಯ ಬಾಗಿಲಿಗೆ ಬೀಗವಿಲ್ಲ. ಕೆಳಗಿನ ಊರಿಗೆ ರಸ್ತೆ ಇದೆ, ಅಲ್ಲಿಂದ ಬಸ್ಸು ಹಿಡಿದು ಇಡೀ ಬೆಟ್ಟವನ್ನು ಬಳಸಿ ನಿನ್ನ ಊರಿಗೂ ಬರಬಹುದು. ರಸ್ತೆಯಲ್ಲಿ ಓಡುವುದು ಒಂದೇ ವ್ಯಾನು, ಅದರ ಕೀಲಿ ಅವರ ಜೇಬಿನಲ್ಲಿ. ಕೇಳಿದರೆ ಇಲ್ಲವೆನ್ನುವುದಿಲ್ಲ. "ತಮ್ಮನ್ನ ನೋಡ್ಬೇಕಾ? ಅದಕ್ಕೇನಂತೆ, ನಾನೇ ಕರ್ಕೊಂಡು ಹೋಗ್ತೀನಿ" ಎನ್ನುತ್ತಾರೆ. ನಾನು ಇದುವರೆಗೆ ಹೂಂ ಎಂದಿಲ್ಲ; ಎಂದರೆ ಕರೆದುಕೊಂಡೂ ಹೋಗುತ್ತಾರೆ. ನಿನ್ನ ಮನೆಯ ಮುಂದೆ ವ್ಯಾನು ತಿರುಗಿಸಿ ನಿಲ್ಲಿಸಿ, ನಾನು ಮಾತಾಡಿ ಮುಗಿಸುವವರೆಗೆ ಗಾಜು ಒರೆಸುತ್ತ ಕಾದು, ವಾಪಸ್ ಕರೆತರುತ್ತಾರೆ. ಅದೂ ಒಂದು ಸುತ್ತು, ಅಷ್ಟೆ. ಬೀಗ ಹಾಕಿದ ಬಾಗಿಲಾದರೆ ಒಡೆಯಬಹುದು; ತೆರೆದ ಬಾಗಿಲನ್ನು ಏನು ಮಾಡುವುದೋ ನನಗೆ ತಿಳಿದಿಲ್ಲ.

ನೀನು ಹೋದಮೇಲೆ ಬ್ರಷ್ಷು ನನ್ನ ಕೈಗೆ ಬಂತು ಎಂದು ಹಿಂದೆಯೇ ಬರೆದಿದ್ದೆ. ಪ್ರತಿ ವರ್ಷ ಹಿಮ ಕರಗಿದ ಮೇಲೆ ಕೆಂಪು ಡಬ್ಬಿ ಹಿಡಿದು ಹೊರಡುತ್ತೇನೆ. ನೀನು ಕಲಿಸಿದ್ದನ್ನು ಮರೆತಿಲ್ಲ. ಕಲ್ಲಿನ ಒಂದೇ ಮುಖಕ್ಕೆ ಬಳಿಯಬೇಕು, ಓಡಿ ಬರುವವನ ಕಣ್ಣಿಗೆ ಬೀಳುವ ಮುಖಕ್ಕೆ. ಎರಡೂ ಕಡೆ ಬಳಿದರೆ ಅದೇ ದಾರಿಯಲ್ಲಿ ಎದುರಿನಿಂದಲೂ ಜನ ಬಂದು ಆ ಕಿರುದಾರಿಯಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಡಬ್ಬಿ ಹೊತ್ತು ಪೂರ್ತಿ ಸುತ್ತು ಹಾಕಲು ಯಾರಿಗೂ ಆಗುವುದಿಲ್ಲವಾದ್ದರಿಂದ ಅರ್ಧ ಮುಗಿಸಿ ಮನೆಗೆ ಬಂದು, ಮಿಕ್ಕ ಅರ್ಧಕ್ಕೆ ಇನ್ನೊಂದು ತುದಿಯಿಂದ ಹತ್ತಬೇಕು. ಆಗ ಓಟಗಾರ ಬರುವುದು ನಮ್ಮ ಎದುರಿನಿಂದ. ಕಲ್ಲನ್ನು ತಬ್ಬಿಕೊಂಡಂತೆ ಕೈ ಚಾಚಿ ಅದರ ಆಚೆ ಮುಖಕ್ಕೆ ಬಳಿಯಬೇಕು. "ಮೊದಲರ್ಧ ಈಚೆ, ಮಿಕ್ಕರ್ಧ ಆಚೆ" ಎಂದು ನೀನು ಗುನುಗುತ್ತ ಹೋಗುತ್ತಿದ್ದೆ. ನಾನು ಹಿಂದಿನಿಂದ ಏದುಸಿರು ಬಿಡುತ್ತ ಬಂದರೆ ತಿರುಗಿ ನಿಂತು, "ಏನಕ್ಕಾ, ಓಡ್ತಿದ್ದೀಯೋ, ಬೀಳಿಸ್ಕೊಂಡ ಸೌಟು ಹುಡುಕ್ತಿದ್ದೀಯೋ" ಎಂದು ಹಂಗಿಸುತ್ತಿದ್ದೆ. ಈಗಲೂ ನನ್ನ ಓಟ ಸೌಟು ಹುಡುಕುವ ಓಟವೇ. ಗುನುಗು ಮಾತ್ರ ನಿನ್ನದು, ಅದಿಲ್ಲದೆ ಕೈ ಮುಂದೆ ಹೋಗುವುದಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ಹೋದ ತಿಂಗಳು ಇಲ್ಲಿ ಒಬ್ಬ ಓಟಗಾರ ದಾರಿ ತಪ್ಪಿದ. ಉದ್ದ ಕಾಲಿನವನು ಎಂದು ನಾವು ಕರೆಯುವುದು, ಅವನು ಮಂಚದಲ್ಲಿ ಓರೆಯಾಗಿ ಮಲಗಬೇಕು ಪಾಪ. ಕುರಿಹಾದಿಯಿಂದ ಕವಲೊಡೆದು ನೆತ್ತಿಗೆ ಹೋಗುವ ನಿನ್ನ ಹಳೆಯ ಗುರುತುಗಳು ಅವನ ಕಣ್ಣಿಗೆ ಬಿದ್ದಿವೆ. ನಕ್ಷೆಯಲ್ಲಿಲ್ಲದ ಸುತ್ತು ಎಂದು ಖುಷಿಯಾಗಿ ಹತ್ತಿದ್ದಾನೆ. ನೆತ್ತಿ ಮುಟ್ಟಿದ ಮೇಲೆ ಒಂದೂ ಗುರುತಿಲ್ಲ, ಮೇಲಿಂದ ಮಂಜು ಬೇರೆ. ಸಂಜೆಗೆ ನಿನ್ನ ಭಾವ ಹುಡುಕಿಕೊಂಡು ಹೋಗಿ ಕರೆತಂದರು. ಒಲೆಯ ಮುಂದೆ ಕಂಬಳಿ ಹೊದ್ದು ಕುಳಿತು ಅವನು ನಡುಗುತ್ತಲೇ ಕೇಳಿದ: "ಅರ್ಧ ದಾರೀಲಿ ಕೈಬಿಟ್ಟು ಹೋದ ಪುಣ್ಯಾತ್ಮ ಯಾರಮ್ಮಾ?" ನಿನ್ನ ಭಾವ ನನ್ನ ಮುಖ ನೋಡಲಿಲ್ಲ. ಆಮೇಲೆ ನಾನೊಬ್ಬಳೇ ಸಿಕ್ಕಾಗ ಮೆತ್ತಗೆ ಹೇಳಿದರು: "ಆ ಗುರುತು ಇನ್ನು ಯಾಕೆ ಹೇಳು? ನಿನ್ನ ತಮ್ಮ ಅಂತೂ ವಾಪಸ್ ಬರಲಿಲ್ಲ. ಬೂದು ಬಣ್ಣ ತರಿಸ್ತೀನಿ, ಅಳಿಸಿಬಿಡು." ತಾವೇ ಅಳಿಸಬಹುದಿತ್ತು. ನನ್ನ ಕೈಯಿಂದಲೇ ಆಗಲಿ ಎಂದುಕೊಂಡರೋ, ನನ್ನ ಕೈಗಿರುವಷ್ಟು ಅಭ್ಯಾಸ ತಮ್ಮ ಕೈಗಿಲ್ಲ ಎಂದುಕೊಂಡರೋ.

ನೆತ್ತಿ ದಾಟಿ ಆಚೆ ಊರಿಗೆಂದು ನೀನು ಹೊರಟ ಬೆಳಿಗ್ಗೆ ಈ ಅಡುಗೆಮನೆಯಲ್ಲೇ ಪಿಸುಗುಟ್ಟಿದ್ದೆ: "ಅಕ್ಕಾ, ಗುರುತು ಹಾಕ್ಕೊಂಡೇ ಹೋಗ್ತೀನಿ. ಇಲ್ಲಿದ್ರೆ ನಾವಿಬ್ಬರೂ ಸುತ್ತಿ ಸುತ್ತಿ ಸವೆದುಹೋಗ್ತೀವಿ. ಹಿಂದೇನೇ ಬಾ." ನಿನಗೆ ಗೊತ್ತಿಲ್ಲದ ಸಂಗತಿ ಒಂದಿದೆ: ನಾನು ಬಂದಿದ್ದೆ. ಮುಂದಿನ ವರ್ಷ ಹಿಮ ಕರಗಿದ ಕೂಡಲೇ, ಇವರು ವ್ಯಾನು ತೆಗೆದುಕೊಂಡು ಕೆಳಗೆ ಹೋದ ದಿನ, ಎರಡು ಬಟ್ಟೆ ಗಂಟು ಕಟ್ಟಿಕೊಂಡು ಹತ್ತಿದೆ. ನೆತ್ತಿಯವರೆಗೆ ನಿನ್ನ ಕೆಂಪು ಕೈಹಿಡಿದು ನಡೆಸಿತು. ಅಲ್ಲಿಂದ ಕೆಳಗೆ ನೋಡಿದರೆ ಬರೀ ಕಲ್ಲು, ಕಲ್ಲು, ಬೂದುಬೂದು ಕಲ್ಲು. ಎಷ್ಟೋ ಹೊತ್ತು ನಿಂತಿದ್ದೆ. ನೆತ್ತಿಗೆ ಬಂದು ನಿನಗೆ ಯೋಚನೆ ಬಂದಿರಬೇಕು, ಹೊಸ ಜಾಗ, ಹೊಸ ಕೆಲಸ, ಅದರ ಮೇಲೆ ಅಕ್ಕನ ಭಾರ ಬೇರೆ ಎನಿಸಿರಬೇಕು, ಬ್ರಷ್ಷು ಒಳಗಿಟ್ಟಿರಬೇಕು ಎಂದುಕೊಂಡೆ. ತಪ್ಪೆಂದೂ ಅನ್ನಿಸಲಿಲ್ಲ. ಇಳಿದು ಬಂದು ಒಲೆ ಹಚ್ಚಿದೆ. ವ್ಯಾನು ಬರುವಷ್ಟರಲ್ಲಿ ನೀರು ಕುದಿಯುತ್ತಿತ್ತು. ಅಂದಿನಿಂದ ನಿನಗೆ ಚಳಿ, ಮಳೆ, ಆರೋಗ್ಯ ಇಷ್ಟನ್ನೇ ಬರೆದೆ. ನೀನೂ ಮೊದಮೊದಲು ಪ್ರತಿ ಕಾಗದದಲ್ಲೂ "ಯಾವಾಗ ಬರ್ತೀಯ" ಎಂದು ಕೇಳುತ್ತಿದ್ದವನು, ಕೇಳುವುದನ್ನು ಬಿಟ್ಟೆ. ಅದೆಲ್ಲ ಬಾಯಿಮಾತಿನ ಉಪಚಾರ, ಈಗ ಅದೂ ಮುಗಿಯಿತು ಎಂದುಕೊಂಡೆ.

ಹೋದ ವಾರ ಬೂದು ಡಬ್ಬಿ ಹಿಡಿದು ಹತ್ತಿದೆ. ನಿನ್ನ ಒಂದೊಂದೇ ಗುರುತನ್ನು ಮುಚ್ಚುತ್ತ ಹೋದೆ. ಕೆಲಸ ಬೇಗ ಸಾಗಿತು. ಅಳಿಸುವುದು ಬರೆಯುವುದಕ್ಕಿಂತ ಹಗುರ. ನೆತ್ತಿಯಲ್ಲಿ ಕುಳಿತು ಡಬ್ಬಿಯ ಮುಚ್ಚಳ ಪಕ್ಕಕ್ಕಿಟ್ಟೆನೋ ಇಲ್ಲವೋ, ಗಾಳಿ ಅದನ್ನು ಎಬ್ಬಿಸಿ ಆಚೆ ಇಳಿಜಾರಿಗೆ ಉರುಳಿಸಿತು. ಮುಚ್ಚಳವಿಲ್ಲದೆ ಹೋದರೆ ಬಣ್ಣ ಒಣಗಿ ನಿನ್ನ ಭಾವ ಗೊಣಗುತ್ತಾರಲ್ಲ, ಅದರ ಹಿಂದೆ ಓಡಿದೆ. ಸೌಟು ಹುಡುಕುವ ಓಟವೇ. ಸಾಕಷ್ಟು ಕೆಳಗೆ ಒಂದು ಬಂಡೆಗೆ ತಗುಲಿ ನಿಂತಿತ್ತು. ಎತ್ತಿಕೊಂಡು ವಾಪಸ್ ಹತ್ತಲು ತಿರುಗಿದೆ. ತಿರುಗಿದರೆ, ನೆತ್ತಿಯವರೆಗೂ ಕಲ್ಲುಕಲ್ಲಿಗೂ ಕೆಂಪು.

ಮೊದಲು ಏನೂ ಅರ್ಥವಾಗಲಿಲ್ಲ. ಮುಚ್ಚಳ ಎದೆಗೊತ್ತಿಕೊಂಡು ಅಲ್ಲೇ ಕುಳಿತೆ. ಆಮೇಲೆ ಅರ್ಥವಾಗಿ, ಆ ಗಾಳಿಯಲ್ಲಿ ಒಬ್ಬಳೇ ನಕ್ಕೆ. ನೆತ್ತಿ ದಾಟಿದ ಕೂಡಲೇ ನಿನ್ನ ಬಾಯಿ "ಮಿಕ್ಕರ್ಧ ಆಚೆ" ಎಂದಿದೆ, ಕೈ ಕಲ್ಲನ್ನು ತಬ್ಬಿಕೊಂಡು ಆಚೆ ಮುಖಕ್ಕೆ ಬಳಿದಿದೆ. ಬ್ರಷ್ಷು ಹಿಡಿದಾಗಿನಿಂದ ಸುತ್ತನ್ನೇ ಹಾಕಿದ ಕೈಗೆ, ವಾಪಸ್ ಬರದ ದಾರಿಯೂ ಒಂದಿರುತ್ತದೆ ಎಂದು ಯಾರು ಹೇಳಬೇಕಿತ್ತು? ಓಡಿಹೋಗುತ್ತಲೇ ಮನೆಗೆ ಬರುವವರಿಗೆ ಗುರುತು ಹಾಕಿದ್ದೀಯ. ಹಿಂದೆ ಬರುವವಳಿಗೆ ಕಲ್ಲಿನ ಬೆನ್ನು. ಆ ದಿನ ನಾನು ಹತ್ತು ಹೆಜ್ಜೆ ಇಳಿದು ಒಮ್ಮೆ ಹಿಂತಿರುಗಿ ನೋಡಿದ್ದರೆ ಸಾಕಿತ್ತು. ಹೋಗುವವರು ಹಿಂತಿರುಗಿ ನೋಡಬಾರದೆಂದು ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದೆ ನೋಡು. ಅಷ್ಟು ವರ್ಷ ನೀನು ಅಲ್ಲಿ, ಅಕ್ಕನಿಗೆ ಈ ಮನೆಯೇ ಸಾಕಾಯಿತು ಎಂದುಕೊಂಡೆ. ನಾನು ಇಲ್ಲಿ, ತಮ್ಮನಿಗೆ ನಾನು ಬೇಡವಾದೆ ಎಂದುಕೊಂಡೆ. ನಡುವೆ ಕೆಂಪು ಬಣ್ಣ ತನ್ನ ಪಾಡಿಗೆ ತಾನು ಇತ್ತು.

ಮನೆಗೆ ಬಂದಾಗ ನಿನ್ನ ಭಾವ ಅಂಗಳದಲ್ಲಿ ದುರ್ಬೀನು ಹಿಡಿದು ನಿಂತಿದ್ದರು. ಕವಲಿನಿಂದ ನೆತ್ತಿಯವರೆಗೆ ನಿಧಾನವಾಗಿ ನೋಡಿದರು. "ಒಂದೂ ಕಾಣಲ್ಲ. ಭಾರಿ ಚೆನ್ನಾಗಿ ಮಾಡಿದೀಯ ಕಣೇ" ಎಂದರು. ನಿಜ, ಈಗ ಇಲ್ಲಿಂದ ನೋಡಿದರೆ ಅಲ್ಲಿ ದಾರಿಯೇ ಇಲ್ಲ. ಅವರ ಮುಖದಲ್ಲಿ ಎಂಥ ನೆಮ್ಮದಿಯೆಂದರೆ, ಆ ಸಂಜೆ ಅವರೇ ತಟ್ಟೆ ತೊಳೆದರು. ಒದ್ದೆ ಕೈ ಒರೆಸಿಕೊಳ್ಳುತ್ತ, ಮುಂದಿನ ವರ್ಷ ನಕ್ಷೆಗೆ ಇನ್ನೊಂದು ಸುತ್ತು ಸೇರಿಸೋಣ, ಅದಕ್ಕೆ ನನ್ನ ಹೆಸರೇ ಇಡೋಣ ಎಂದರು. ನಾನು ನಗಬೇಕಾದ ಜಾಗದಲ್ಲಿ ನಕ್ಕೆ.

ಉದ್ದ ಕಾಲಿನವನು ಇಂದು ಹೊರಡುತ್ತಿದ್ದಾನೆ. ಈ ಕಾಗದವನ್ನು ಅವನ ಜಾಕೆಟ್ಟಿನ ಒಳಜೇಬಿಗೆ ಇಡುತ್ತೇನೆ, ಕೆಳಗಿನ ಊರಿನಲ್ಲಿ ಅಂಚೆಗೆ ಹಾಕುತ್ತಾನೆ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಮಗಳ ಕೆನ್ನೆ ಹಿಂಡಬೇಡ, ಗದ್ದ ಮುಟ್ಟಿ ಮುದ್ದು ಮಾಡು, ಅದು ಅತ್ತೆಯ ಕಡೆಯಿಂದ. ಎಲ್ಲರೂ ಬೆಚ್ಚಗಿರಿ. ಹಿಮ್ಮಡಿಗೆ ಬಿಸಿನೀರು ಮರೆಯಬೇಡ.

ನಿನ್ನ
ಅಕ್ಕ

ಮರೆತದ್ದು: ವ್ಯಾನು ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಬೂದು ಬಳಿದದ್ದು ನೆತ್ತಿಯವರೆಗೆ ಮಾತ್ರ, ಅಲ್ಲಿಯವರೆಗೆ ನನಗೆ ಗುರುತು ಬೇಕಿಲ್ಲ. ನಿನ್ನೆ ಕೆರೆ ಸುತ್ತಿಗೆಂದು ಹೇಳಿ ಕೆಂಪು ಡಬ್ಬಿ ಹೊತ್ತು ಹೋಗಿದ್ದೆ. ನೆತ್ತಿಯಿಂದಾಚೆ, ಇಳಿಯುವವರಿಗೆ ಕಾಣುವ ಮುಖಕ್ಕೆ, ಬಣ್ಣ ಮುಗಿಯುವವರೆಗೆ ಬಳಿದು ಬಂದಿದ್ದೇನೆ. ಅದರ ಮುಂದೆ ಹಿಂತಿರುಗಿ ನೋಡಿ ನೋಡಿ ಇಳಿಯುತ್ತೇನೆ. ಶನಿವಾರ ಕೊನೆಯ ಇಬ್ಬರನ್ನು ಬಿಡಲು ಇವರು ಕೆಳಗೆ ಹೋಗುತ್ತಾರೆ, ಹಿಮ ಬೀಳದಿದ್ದರೆ ಆ ದಿನ. ಇವರಿಗೆ ಅಲ್ಲಿಂದ ಬರೆಯುತ್ತೇನೆ. ಕಾಗದ ರಸ್ತೆಯಲ್ಲಿ ಸುತ್ತಿ ಬರಬೇಕು, ನಾನು ನೇರ ಬರಬೇಕು, ಯಾರು ಮೊದಲೋ. ನಿನ್ನ ಮನೆ ಯಾವುದೆಂದು ನನಗೆ ಗೊತ್ತಿಲ್ಲ. ಬಾಗಿಲ ಪಕ್ಕದ ಕಲ್ಲಿಗೆ ಒಂದು ಕೆಂಪು ಗುರುತು ಹಾಕು. ಗುನುಗಬೇಡ, ಬಾಯಿ ಮುಚ್ಚಿಕೊಂಡು ಹಾಕು. ನಾನು ಬರುವ ಕಡೆಯ ಮುಖಕ್ಕೆ.